ರಿಪೋರ್ಟ್ ನೆಗೆಟಿವ್ ಬಂತು, ಭಯ ಯಾಕೆ ಹೋಗಲಿಲ್ಲ?

ಈ ಸಲ ಸ್ವಲ್ಪ ಸೀರಿಯಸ್ ವಿಷಯ. ದೊಡ್ಡ ಕಾಯಿಲೆ ಇರಬಹುದು ಅಂತ ಯಾರೋ ಹೇಳಿ, ಆಮೇಲೆ ಅದು ಇಲ್ಲ ಅಂತ ಗೊತ್ತಾದಾಗ ನಮ್ಮ ಮನಸ್ಸಿಗೆ ಏನಾಗುತ್ತೆ ಅನ್ನೋದು. ಏನಾಗುತ್ತೆ, ಖುಷಿ ಆಗುತ್ತೆ ಅಂತ ನೀವು ಹೇಳಬಹುದು. ಖುಷಿ ಆಗೋದು ನಿಜ. ಆದರೆ ಎಷ್ಟೋ ಜನರಿಗೆ ಆ ಖುಷಿ ಎರಡು ದಿನ ಇದ್ದು ಮೂರನೇ ದಿನ ಭಯ ವಾಪಸ್ ಬರುತ್ತೆ. ಕಾಯಿಲೆ ಇಲ್ಲ, ಕಾಯಿಲೆಯ ಭಯ ಮಾತ್ರ ಇದೆ. ಇದನ್ನು ಯಾವ ಡಾಕ್ಟರ್ ಹತ್ತಿರ ತೋರಿಸೋದು?

ನಮ್ಮ ಕ್ಯಾಂಪಸ್‌ಗೆ ತೀರಾ ಹತ್ತಿರದ ಒಂದು ಉದಾಹರಣೆ ಇಟ್ಟುಕೊಂಡು ಇದನ್ನು ನೋಡೋಣ. ಅದು ರಕ್ತದಾನ ಶಿಬಿರ. ನಮ್ಮಲ್ಲಿ ಬಹಳ ಜನ ಕೊಟ್ಟಿದ್ದೀರಿ. ರಕ್ತ ಕೊಡ್ತೀವಿ, ಜ್ಯೂಸ್ ಕುಡಿತೀವಿ, ಸರ್ಟಿಫಿಕೇಟ್ ಹಿಡ್ಕೊಂಡು ಫೋಟೋ ಹಾಕ್ತೀವಿ. ಆಮೇಲೆ ನಮ್ಮ ರಕ್ತಕ್ಕೆ ಏನಾಗುತ್ತೆ ಅಂತ ಯೋಚಿಸೋದಿಲ್ಲ. ನಮ್ಮ ದೇಶದಲ್ಲಿ ದಾನ ಬಂದ ಪ್ರತಿ ಯೂನಿಟ್ ರಕ್ತವನ್ನೂ ಐದು ಸೋಂಕುಗಳಿಗೆ ಪರೀಕ್ಷೆ ಮಾಡಲೇಬೇಕು: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಯಾವುದಾದರೂ ಒಂದರಲ್ಲಿ 'ರಿಯಾಕ್ಟಿವ್' ಅಂತ ಬಂದರೆ ಆ ಯೂನಿಟ್ ಯಾರಿಗೂ ಕೊಡಲ್ಲ, ನಾಶ ಮಾಡ್ತಾರೆ. ಕೊಟ್ಟವರನ್ನು ಕರೆದು, ಸರಿಯಾದ ಜಾಗಕ್ಕೆ ಮರುಪರೀಕ್ಷೆಗೆ ಕಳಿಸ್ತಾರೆ.

ನನ್ನ ಗೆಳೆಯನೊಬ್ಬನಿಗೆ ಹಾಗೆ ಫೋನ್ ಬಂತು. ಅವನ ಒಪ್ಪಿಗೆ ತಗೊಂಡೇ ಬರೀತಿದ್ದೀನಿ. ಹೆಸರು, ಬ್ರಾಂಚ್, ಊರು ಯಾವುದೂ ಬೇಡ ಅಂದಿದ್ದಾನೆ. ಹೋಗಿ ಕೂತಾಗ ಅಲ್ಲಿನವರು ಮೆಲ್ಲಗೆ, "ಎಚ್‌ಐವಿ ಸ್ಕ್ರೀನಿಂಗ್‌ನಲ್ಲಿ ರಿಯಾಕ್ಟಿವ್ ತೋರಿಸ್ತಿದೆ, ಇದೇ ಫೈನಲ್ ಅಲ್ಲ, ಇನ್ನೊಂದು ಕಡೆ ಮತ್ತೆ ಟೆಸ್ಟ್ ಮಾಡಿಸ್ಕೊಳ್ಳಿ" ಅಂದರಂತೆ. ಅವನಿಗೆ ಕೇಳಿಸಿದ್ದು ಮೊದಲ ಅರ್ಧ ಮಾತ್ರ. ಮರುಪರೀಕ್ಷೆಗೆ ಹೋಗೋ ಧೈರ್ಯ ಬರೋಕೆ ಒಂಬತ್ತು ದಿನ ಬೇಕಾಯ್ತು. ಆ ಒಂಬತ್ತು ದಿನ ಮೆಸ್‌ನಲ್ಲಿ ತನ್ನದೇ ಸ್ಟೀಲ್ ತಟ್ಟೆ ಇಟ್ಟುಕೊಂಡ. ರೂಮ್‌ಮೇಟ್ ಟವೆಲ್ ಪಕ್ಕ ತನ್ನ ಟವೆಲ್ ಒಣಗಿಸಲಿಲ್ಲ. (ತಟ್ಟೆ, ಟವೆಲ್, ಸೊಳ್ಳೆ, ಒಟ್ಟಿಗೆ ಕೂತು ಊಟ, ಇದರಿಂದೆಲ್ಲ ಎಚ್‌ಐವಿ ಹರಡೋದಿಲ್ಲ. ಅವನಿಗೂ ಇದು ಗೊತ್ತಿತ್ತು. ಹತ್ತನೇ ಕ್ಲಾಸ್‌ನಲ್ಲಿ ಐದು ಮಾರ್ಕಿಗೆ ಬರೆದಿದ್ದ ಕೂಡ.) ಅಮ್ಮನ ಫೋನ್ ಎತ್ತಲಿಲ್ಲ. ಎತ್ತಿದ ದಿನ ಅಮ್ಮ, "ಯಾಕೋ ಧ್ವನಿ ಸಪ್ಪಗಿದೆ, ಜ್ವರಾನಾ?" ಅಂತ ಕೇಳಿದ್ದಕ್ಕೆ ಬಾತ್‌ರೂಮಿಗೆ ಹೋಗಿ ಅತ್ತನಂತೆ. ಒಂದು ರಾತ್ರಿ ಯೋಚನೆ ತುಂಬಾ ಕೆಟ್ಟ ಕಡೆ ಹೋಗಿತ್ತು ಅಂದ. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯೋದು ಬೇಡ ಅಂದಿದ್ದಾನೆ.

ಹತ್ತನೇ ದಿನ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ ಹೋದ. ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಪರೀಕ್ಷೆ ಅಲ್ಲಿ ಉಚಿತ, ವಿಷಯ ಗುಟ್ಟಾಗಿಡ್ತಾರೆ. ನೆಗೆಟಿವ್ ಬಂತು. ಮೊದಲು ರಿಯಾಕ್ಟಿವ್ ಬಂದಿತ್ತಲ್ಲ ಅಂತ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿದರು. ಅದೂ ನೆಗೆಟಿವ್. ಸಿನಿಮಾ ಆಗಿದ್ದರೆ ಇಲ್ಲಿ ಒಂದು ಹಾಡು ಬರ್ತಿತ್ತು. ಅವನ ಕಷ್ಟದ ಎರಡನೇ ಭಾಗ ಶುರುವಾಗಿದ್ದು ಇಲ್ಲಿಂದ.

ಮೊದಲು ಲೆಕ್ಕ

ಮನಸ್ಸಿನ ವಿಷಯಕ್ಕೆ ಬರೋ ಮೊದಲು ಲೆಕ್ಕ ಮಾಡೋಣ. ಯಾಕಂದ್ರೆ 'ಮೊದಲನೇ ಟೆಸ್ಟ್ ಸುಳ್ಳು ಹೇಳೋಕೆ ಹೇಗೆ ಸಾಧ್ಯ, ಎರಡನೇದೇ ತಪ್ಪಿರಬಹುದಲ್ಲ' ಅನ್ನೋ ಪ್ರಶ್ನೆಯೇ ಅವನನ್ನು ಹೆಚ್ಚು ಕಾಡಿದ್ದು. ಇದಕ್ಕೆ ಉತ್ತರ ನಮ್ಮ ಮ್ಯಾಥ್ಸ್ ನೋಟ್ಸ್‌ನಲ್ಲೇ ಇದೆ. ಬೇಯ್ಸ್ ಥಿಯರಮ್. ಫಾರ್ಮುಲಾ ಬೇಡ, ತಲೆ ಎಣಿಸೋಣ.

10,000 ಜನ ರಕ್ತ ಕೊಟ್ಟರು ಅಂದುಕೊಳ್ಳಿ. ಭಾರತದಲ್ಲಿ ವಯಸ್ಕರಲ್ಲಿ ಎಚ್‌ಐವಿ ಇರುವವರು ಸುಮಾರು 0.2%. ಅಂದರೆ 20 ಜನ. ಟೆಸ್ಟ್ ತುಂಬಾ ಒಳ್ಳೆಯದು, ಸೋಂಕು ಇರುವ 20 ಜನರನ್ನೂ ಹಿಡಿಯಿತು ಅಂತ ಇಟ್ಟುಕೊಳ್ಳಿ. ಉಳಿದ 9,980 ಜನರಲ್ಲಿ 99.5% ಜನರಿಗೆ ಸರಿಯಾಗಿ 'ಇಲ್ಲ' ಅಂತ ಹೇಳುತ್ತೆ ಅಂತಲೂ ಇಟ್ಟುಕೊಳ್ಳಿ. (ಇದು ಲೆಕ್ಕಕ್ಕೆ ನಾನು ತಗೊಂಡ ಸಂಖ್ಯೆ, ಕಿಟ್‌ನಿಂದ ಕಿಟ್‌ಗೆ ಬದಲಾಗುತ್ತೆ.) ಮಿಕ್ಕಿದ ಅರ್ಧ ಪರ್ಸೆಂಟ್ ಅಂದರೆ ಸುಮಾರು 50 ಜನ. ಸೋಂಕೇ ಇಲ್ಲದ 50 ಜನರಿಗೆ 'ರಿಯಾಕ್ಟಿವ್' ಅಂತ ಬರುತ್ತೆ. ಒಟ್ಟು ಫೋನ್ ಹೋಗೋದು 70 ಜನರಿಗೆ, ನಿಜವಾಗಿ ಸೋಂಕು ಇರೋದು 20 ಜನರಿಗೆ. ಶೇಕಡಾ 29 ಕೂಡ ಇಲ್ಲ! 99.5% ಕರಾರುವಾಕ್ಕಾದ ಟೆಸ್ಟ್ 'ಇದೆ' ಅಂದರೂ 'ಇಲ್ಲ' ಆಗೋ ಸಾಧ್ಯತೆಯೇ ಹೆಚ್ಚು. ರಕ್ತ ಕೊಡುವ ಮೊದಲು ಪ್ರಶ್ನೆ ಕೇಳಿ ಅಪಾಯ ಇರುವವರನ್ನು ವಾಪಸ್ ಕಳಿಸ್ತಾರೆ, ಹಾಗಾಗಿ ದಾನಿಗಳಲ್ಲಿ ಆ 20 ಇನ್ನೂ ಕಡಿಮೆ ಇರುತ್ತೆ.

ಈಗ ಎರಡನೇ ಟೆಸ್ಟ್. ಅದೇ 70 ಜನರಿಗೆ ಬೇರೆ ಕಿಟ್‌ನಲ್ಲಿ ಮಾಡಿದರೆ, ಸೋಂಕು ಇಲ್ಲದ 50ರಲ್ಲಿ ಮತ್ತೆ ರಿಯಾಕ್ಟಿವ್ ಬರೋದು 0.25 ಜನ. ಒಬ್ಬ ಮನುಷ್ಯ ಕೂಡ ಪೂರ್ತಿ ಸಿಗಲ್ಲ. ಇಲ್ಲಿ ಒಂದು ಷರತ್ತು ಇದೆ: ಎರಡು ಟೆಸ್ಟ್‌ಗಳು ಇಂಡಿಪೆಂಡೆಂಟ್ ಆಗಿರಬೇಕು. ಅದೇ ಕಿಟ್‌ನಲ್ಲಿ ಮತ್ತೆ ಮಾಡಿದರೆ ಅದೇ ತಪ್ಪು ಮತ್ತೆ ಬರಬಹುದು. ಅದಕ್ಕೇ ನಮ್ಮ ದೇಶದ ನಿಯಮದ ಪ್ರಕಾರ, ರೋಗಲಕ್ಷಣ ಇಲ್ಲದವರಿಗೆ 'ಪಾಸಿಟಿವ್' ಅಂತ ಹೇಳಬೇಕಾದರೆ ಬೇರೆ ಬೇರೆ ರೀತಿಯ ಮೂರು ಕಿಟ್‌ಗಳು ಮೂರೂ ರಿಯಾಕ್ಟಿವ್ ತೋರಿಸಬೇಕು. ಬ್ಲಡ್ ಬ್ಯಾಂಕ್‌ನವರ ಉದ್ದೇಶ ಬೇರೆ. ಅವರು ರೋಗ ಕಂಡುಹಿಡಿಯೋಕೆ ಕೂತಿಲ್ಲ, ರಕ್ತ ತಗೊಳ್ಳೋ ರೋಗಿಯನ್ನು ಕಾಪಾಡೋಕೆ ಕೂತಿದ್ದಾರೆ. ಅನುಮಾನ ಬಂದರೆ ಎಸಿ. ಅವರ ಮಟ್ಟಿಗೆ 50 ಬಾಟಲಿ ಒಳ್ಳೆ ರಕ್ತ ಹೋದರೂ ಪರವಾಗಿಲ್ಲ, ಒಂದು ಕೆಟ್ಟದ್ದು ದಾಟಬಾರದು. ಇದು ಸರಿಯಾದ ಡಿಸೈನ್ ಅಂತಲೇ ನನ್ನ ಅಭಿಪ್ರಾಯ. ಆ ಡಿಸೈನ್‌ನ ಖರ್ಚು ಮಾತ್ರ ಆ 50 ಜನರ ತಲೆ ಮೇಲೆ ಬೀಳುತ್ತೆ.

ಹಗ್ಗ, ಹಾವು ಮತ್ತು ಲ್ಯಾಚ್

ಈ ಲೆಕ್ಕವನ್ನು ನಾನು ಅವನಿಗೆ ರಫ್ ಬುಕ್‌ನಲ್ಲಿ ಮಾಡಿ ತೋರಿಸಿದೆ. ಒಪ್ಪಿಕೊಂಡ. ಅರ್ಥ ಆಯ್ತು ಅಂದ. ಆ ರಾತ್ರಿಯೂ ನಿದ್ದೆ ಮಾಡಲಿಲ್ಲ.

'ಫಾಲ್ಸ್ ಅಲಾರ್ಮ್'ಗೆ ಕನ್ನಡದಲ್ಲಿ ಏನಂತಾರೆ ಅಂತ ನಮ್ಮಜ್ಜಿಯನ್ನು ಕೇಳಿದೆ (ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಇಂಥ ಡೌಟ್‌ಗಳಿಗೆ ಅಜ್ಜಿಯೇ ನನ್ನ ಡಿಕ್ಷನರಿ). "ಹಗ್ಗ ನೋಡಿ ಹಾವು ಅಂದ್ಕೊಂಡ ಹಾಗೆ" ಅಂದರು. ಎಲ್ಲರೂ ಹೇಳೋ ಮಾತೇ. ಆದರೆ ಅಜ್ಜಿ ಇನ್ನೊಂದು ಸೇರಿಸಿದರು: "ಹಗ್ಗ ಅಂತ ಗೊತ್ತಾದ್ಮೇಲೂ ಎದೆ ಡವಡವ ಅಂತಿರತ್ತಲ್ಲ ಮಗಾ." ವಿಷಯ ಅಷ್ಟೇ. ಹಾವು ಅಂತ ಹೆದರಿದ್ದು ಸುಳ್ಳು ಭಯ ಅಲ್ಲ. ಹಾವು ಸುಳ್ಳು, ಭಯ ನಿಜ. ದೇಹಕ್ಕೆ ಆಗಿದ್ದೆಲ್ಲ ನಿಜವಾಗಿಯೇ ಆಗಿದೆ.

ಡಿಜಿಟಲ್ ಓದಿದವರು ಎಸ್‌ಆರ್ ಲ್ಯಾಚ್ ನೆನಪಿಸಿಕೊಳ್ಳಿ. ಸೆಟ್‌ಗೆ ಒಂದು ಪಲ್ಸ್ ಕೊಟ್ಟರೆ ಔಟ್‌ಪುಟ್ 1 ಆಗುತ್ತೆ. ಇನ್‌ಪುಟ್ ಮತ್ತೆ 0 ಆದರೂ ಔಟ್‌ಪುಟ್ 1ರಲ್ಲೇ ಕೂತಿರುತ್ತೆ. ರಿಪೋರ್ಟ್ ನೆಗೆಟಿವ್ ಬಂತು ಅಂದರೆ ಇನ್‌ಪುಟ್ 0 ಆಯ್ತು ಅಷ್ಟೇ, ರಿಸೆಟ್ ಇನ್ನೂ ಯಾರೂ ಒತ್ತಿಲ್ಲ. ಈ ಹೋಲಿಕೆ ಇಲ್ಲಿವರೆಗೆ ಮಾತ್ರ ಸರಿ. ಮನುಷ್ಯನಿಗೆ ರಿಸೆಟ್ ಒಂದೇ ಪಲ್ಸ್‌ಗೆ ಆಗಲ್ಲ. ಅಡ್ರಿನಲಿನ್ ನಿಮಿಷಗಳಲ್ಲಿ ಇಳಿಯುತ್ತೆ, ಕಾರ್ಟಿಸಾಲ್ ಕೆಲವು ಗಂಟೆಗಳಲ್ಲಿ. ಉಳಿಯೋದು ಕೆಮಿಕಲ್ ಅಲ್ಲ, ಕಲಿಕೆ. ಮೆದುಳು ಆ ಒಂಬತ್ತು ದಿನಗಳಲ್ಲಿ 'ಗೊತ್ತಿಲ್ಲದ ನಂಬರ್‌ನಿಂದ ಫೋನ್ ಬಂದರೆ ಅಪಾಯ' ಅಂತ ಕಲಿತುಬಿಟ್ಟಿದೆ. ಭಯದ ಬಗ್ಗೆ ಪ್ರಯೋಗ ಮಾಡಿದವರು ಕಂಡುಕೊಂಡ ವಿಷಯ ಏನಂದ್ರೆ, ಹೀಗೆ ಕಲಿತದ್ದು ಡಿಲೀಟ್ ಆಗಲ್ಲ. ಅದರ ಮೇಲೆ 'ಫೋನ್ ಬಂತು, ಏನೂ ಆಗಲಿಲ್ಲ' ಅನ್ನೋ ಹೊಸ ಪಾಠ ಬರೀಬೇಕು. ಮತ್ತೆ ಮತ್ತೆ ಬರೀಬೇಕು. ಹಳೆಯದು ಅಡಿಯಲ್ಲಿ ಹಾಗೇ ಇರುತ್ತೆ, ಒಂದೊಂದು ಸಲ ತಲೆ ಎತ್ತುತ್ತೆ. ಹಾಗಾಗಿ ಎರಡು ತಿಂಗಳು ಆರಾಮಾಗಿದ್ದವನು ಒಂದು ದಿನ ಮತ್ತೆ ಹೆದರಿದರೆ ಎಲ್ಲ ಮೊದಲಿನ ಹಾಗೆ ಆಯ್ತು ಅಂತ ಅಲ್ಲ.

ವಿಕಾಸದ ದೃಷ್ಟಿಯಿಂದ ವೈದ್ಯಶಾಸ್ತ್ರ ನೋಡುವ ರಾಂಡಾಲ್ಫ್ ನೆಸ್ಸೆ ಇದಕ್ಕೆ 'ಸ್ಮೋಕ್ ಡಿಟೆಕ್ಟರ್ ತತ್ವ' ಅಂತ ಹೆಸರು ಕೊಟ್ಟಿದ್ದಾರೆ. ಒಗ್ಗರಣೆ ಹೊಗೆಗೆಲ್ಲ ಕೂಗೋ ಅಲಾರ್ಮ್ ಕಿರಿಕಿರಿ. ಆದರೆ ಬೆಂಕಿ ಬಿದ್ದಾಗ ಕೂಗದೇ ಇರೋ ಅಲಾರ್ಮ್‌ಗಿಂತ ವಾಸಿ. ನಮ್ಮ ಭಯ ಅಂಥ ಅಲಾರ್ಮ್. ಬ್ಲಡ್ ಬ್ಯಾಂಕ್ ಯೋಚಿಸೋ ಹಾಗೇ ನಮ್ಮ ಮೆದುಳೂ ಯೋಚಿಸುತ್ತೆ ಅನ್ನೋದು ನನಗಂತೂ ತಮಾಷೆಯಾಗಿ ಕಂಡಿತು.

ಇದು ಒಬ್ಬಿಬ್ಬರ ವೀಕ್‌ನೆಸ್ ಅಂತ ತಿಳ್ಕೊಳ್ಳೋರಿಗೆ ಒಂದು ಅಧ್ಯಯನ ಹೇಳ್ತೀನಿ. ಡೆನ್ಮಾರ್ಕ್‌ನಲ್ಲಿ ಸ್ತನ ಕ್ಯಾನ್ಸರ್ ಸ್ಕ್ರೀನಿಂಗ್‌ಗೆ ಬಂದು ಮ್ಯಾಮೋಗ್ರಾಮ್‌ನಲ್ಲಿ ಅನುಮಾನ ಕಂಡ 454 ಮಹಿಳೆಯರನ್ನು ಬ್ರೋಡರ್ಸನ್ ಮತ್ತು ಸಿಯರ್ಸ್ಮಾ ಅನ್ನೋ ಸಂಶೋಧಕರು ಮೂರು ವರ್ಷ ಗಮನಿಸಿದರು. ರಿಸಲ್ಟ್ ನಾರ್ಮಲ್ ಬಂದ ಮಹಿಳೆಯರ ಜೊತೆ ಹೋಲಿಸಿ ನೋಡಿದರು. 2013ರಲ್ಲಿ ಪ್ರಕಟ ಆಯ್ತು. ಕ್ಯಾನ್ಸರ್ ಇಲ್ಲ ಅಂತ ಖಚಿತವಾಗಿ ಆರು ತಿಂಗಳಾದ ಮೇಲೂ, ಮನಸ್ಸಿನ ನೆಮ್ಮದಿಯ ವಿಷಯದಲ್ಲಿ ಇವರ ಸ್ಥಿತಿ ನಿಜವಾಗಿ ಕ್ಯಾನ್ಸರ್ ಇದ್ದವರಷ್ಟೇ ಬದಲಾಗಿತ್ತು. ಮೂರು ವರ್ಷ ಆದ ಮೇಲೂ, ಮೊದಲಿಂದ ನಾರ್ಮಲ್ ಇದ್ದವರಿಗಿಂತ ಇವರಿಗೆ ಕಷ್ಟ ಹೆಚ್ಚೇ ಇತ್ತು. ಅವರು ಯಾರೂ ನಾಟಕ ಆಡ್ತಿರಲಿಲ್ಲ. ನಮ್ಮ ಹಾಸ್ಟೆಲ್ ಹುಡುಗನೂ ಆಡ್ತಿರಲಿಲ್ಲ.

ಮತ್ತೆ ಮತ್ತೆ ಟೆಸ್ಟ್

ನೆಗೆಟಿವ್ ಬಂದ ಮೇಲೆ ಅವನು ಬೇರೆ ಬೇರೆ ಪ್ರೈವೇಟ್ ಲ್ಯಾಬ್‌ಗಳಲ್ಲಿ ಇನ್ನೂ ಮೂರು ಸಲ ಮಾಡಿಸಿದ. ದುಡ್ಡು ಎಲ್ಲಿಂದ? ಮೆಸ್ ಬಿಲ್‌ಗೆ ಅಂತ ಅಪ್ಪ ಕಳಿಸಿದ್ದರಲ್ಲಿ. ಪ್ರತಿ ಸಲವೂ ರಿಪೋರ್ಟ್ ಕೈಗೆ ಬಂದ ದಿನ ಆರಾಮ. ನಾಲ್ಕನೇ ದಿನ 'ಸ್ಯಾಂಪಲ್ ಬದಲಾಗಿದ್ದರೆ?' ಅಂತ ಶುರು. ಕೈ ಮೇಲೆ ಬೆವರುಸಾಲೆ ಬಂದರೆ ಗೂಗಲ್. ಕುತ್ತಿಗೆ ಹತ್ತಿರ ಗಂಟು ಇದೆಯಾ ಅಂತ ದಿನಕ್ಕೆ ಹತ್ತು ಸಲ ಒತ್ತಿ ನೋಡೋದು. ಒತ್ತಿ ಒತ್ತಿ ಅಲ್ಲಿ ನಿಜವಾಗಿಯೇ ನೋವು ಬಂತು. ನೋವು ಬಂತು ಅಂತ ಮತ್ತೆ ಗೂಗಲ್.

ಸಾಲ್ಕೋವ್‌ಸ್ಕಿಸ್ ಮತ್ತು ವಾರ್ವಿಕ್ ಅನ್ನೋ ಇಬ್ಬರು 1986ರಲ್ಲೇ ಈ ಚಕ್ರದ ಬಗ್ಗೆ ಬರೆದಿದ್ದಾರೆ. ಸಮಾಧಾನ ಹುಡುಕೋದು ಆ ಕ್ಷಣಕ್ಕೆ ಭಯ ಇಳಿಸುತ್ತೆ, ಆದರೆ ಒಟ್ಟಾರೆ ಭಯವನ್ನು ಸಾಕುತ್ತೆ. ಯಾಕೆ? ಪ್ರತಿ ಸಲ ಚೆಕ್ ಮಾಡಿದಾಗಲೂ ನಾವು ಮೆದುಳಿಗೆ 'ಇದು ಚೆಕ್ ಮಾಡಬೇಕಾದಷ್ಟು ದೊಡ್ಡ ಅಪಾಯ' ಅಂತಲೇ ಹೇಳ್ತೀವಿ. 'ಚೆಕ್ ಮಾಡದಿದ್ದರೂ ಏನೂ ಆಗಲ್ಲ' ಅನ್ನೋ ಪಾಠ ಕಲಿಯೋಕೆ ಅದಕ್ಕೆ ಅವಕಾಶವೇ ಸಿಗಲ್ಲ.

ಅವನಿಗೆ ದಾರಿ ತೋರಿಸಿದ್ದು ಐಸಿಟಿಸಿಯ ಕೌನ್ಸೆಲರ್ ಮೇಡಂ. ಅವರು ಹೇಳಿದ್ದನ್ನು ನಾನು ನಮ್ಮ ಭಾಷೆಗೆ ಹಾಕಿ ಹೇಳ್ತೀನಿ. ನ್ಯೂಮರಿಕಲ್ ಮೆಥಡ್ಸ್‌ನಲ್ಲಿ ಇಟರೇಷನ್ ಶುರು ಮಾಡೋ ಮೊದಲೇ ಎಲ್ಲಿ ನಿಲ್ಲಿಸಬೇಕು ಅಂತ ಬರ್ಕೋತೀವಿ ಅಲ್ವಾ? ಇಷ್ಟು ಡೆಸಿಮಲ್‌ವರೆಗೆ ಬಂದರೆ ಸಾಕು ಅಂತ. ಅದು ಇಲ್ಲದಿದ್ದರೆ ಲೂಪ್ ಮುಗಿಯೋದೇ ಇಲ್ಲ. ಹಾಗೇ ಯಾವ ಟೆಸ್ಟ್, ಎಷ್ಟು ಸಲ, ಯಾವ ತಾರೀಖಿನವರೆಗೆ ಅಂತ ಮೊದಲೇ ಡಾಕ್ಟರ್ ಹತ್ತಿರ ಕೇಳಿ ಬರೆದಿಟ್ಟುಕೊಳ್ಳೋದು. ಎಲ್ಲಿ ನಿಲ್ಲಿಸಬೇಕು ಅಂತ ಹೇಳೋದು ಡಾಕ್ಟರ್, ನಾವಲ್ಲ, ಗೂಗಲ್ ಅಂತೂ ಅಲ್ಲವೇ ಅಲ್ಲ. ಆ ಪಾಯಿಂಟ್ ಬಂದ ಮೇಲೆ ಹೊಸ ಟೆಸ್ಟ್ ಇಲ್ಲ. ಅವನು ಆ ಚೀಟಿಯನ್ನು ಐಡಿ ಕಾರ್ಡ್ ಹಿಂದೆ ಇಟ್ಟುಕೊಂಡ.

ಕುತ್ತಿಗೆ ಒತ್ತೋದನ್ನು ಒಂದೇ ದಿನಕ್ಕೆ ನಿಲ್ಲಿಸು ಅಂದರೆ ಯಾರಿಗೂ ಆಗಲ್ಲ. ಮೇಡಂ ಹೇಳಿದ್ದು ಮುಂದಕ್ಕೆ ಹಾಕು ಅಂತ. ಒತ್ತಬೇಕು ಅನಿಸಿದಾಗ ಹತ್ತು ನಿಮಿಷ ಕಾಯಿ. ಆಮೇಲೆ ಇಪ್ಪತ್ತು. ಸಂಜೆ ಆರರಿಂದ ಆರು ಕಾಲು ಚಿಂತೆ ಮಾಡೋ ಟೈಮ್ ಅಂತ ಇಟ್ಕೋ, ಮಿಕ್ಕ ಹೊತ್ತಲ್ಲಿ ಬಂದ ಚಿಂತೆಗೆ 'ಆರು ಗಂಟೆಗೆ ಬಾ' ಅನ್ನು. ಕೇಳೋಕೆ ಬಾಲಿಶ ಅನಿಸುತ್ತೆ, ನನಗೂ ಅನಿಸಿತು. ಎರಡು ವಾರ ಆದ ಮೇಲೆ ಅವನು, "ಆರು ಗಂಟೆಗೆ ಕೂತ್ರೆ ಚಿಂತೇನೇ ಬರ್ತಿಲ್ಲ ಕಣೋ, ಬೋರ್ ಆಗ್ತಿದೆ" ಅಂದ. ಗೊತ್ತಿಲ್ಲದ ನಂಬರ್‌ಗಳನ್ನು ಬೇಕಂತಲೇ ಎತ್ತೋಕೆ ಶುರು ಮಾಡಿದ. ಹೆಚ್ಚಿನವು ಲೋನ್ ಬೇಕಾ ಅಂತ ಕೇಳೋರು. ಜೀವನದಲ್ಲಿ ಮೊದಲ ಸಲ ಆ ಕಾಲ್‌ಗಳಿಂದ ಯಾರಿಗೋ ಉಪಯೋಗ ಆಯ್ತು.

ಸುತ್ತ ಇರುವ ನಾವು

ವಿಷಯ ಗೊತ್ತಿದ್ದ ಇನ್ನೊಬ್ಬ ಹುಡುಗ ಅವನಿಗೆ ಹೇಳಿದ್ದು: "ಏನೂ ಆಗ್ಲಿಲ್ವಲ್ಲ ಮಗಾ, ಪಾರ್ಟಿ ಕೊಡು, ಬಿಡು." ಪ್ರೀತಿಯಿಂದಲೇ ಹೇಳಿದ್ದು. ಆದರೆ 'ಏನೂ ಆಗಲಿಲ್ಲ' ಅಂದ ತಕ್ಷಣ ಅವನ ಒಂಬತ್ತು ದಿನ ಲೆಕ್ಕಕ್ಕೇ ಇಲ್ಲ ಅಂತ ಆಯ್ತು. ಕಾಯಿಲೆ ಬಂದಿದ್ದರೆ ಹಣ್ಣು ತಗೊಂಡು ನೋಡೋಕೆ ಬರ್ತೀವಿ. ಬರದೇ ಹೋದ ಕಾಯಿಲೆಗೆ ನಮ್ಮಲ್ಲಿ ಯಾವ ಶಾಸ್ತ್ರವೂ ಇಲ್ಲ, ಹೆಚ್ಚು ಅಂದರೆ ದೇವರಿಗೆ ಒಂದು ಕಾಯಿ ಒಡೆಸ್ತೀವಿ. ಅವನು ನಂತರ ಅಕ್ಕನಿಗೆ ಹೇಳಿದಾಗ ಅವರು ಸಮಾಧಾನವನ್ನೇ ಹೇಳಲಿಲ್ಲವಂತೆ. "ಒಂಬತ್ತು ದಿನ ಒಬ್ನೇ ಇಟ್ಕೊಂಡಿದ್ಯೇನೋ?" ಅಂತ ಕೇಳಿ ಸುಮ್ಮನೆ ಕೂತರಂತೆ. ಅವತ್ತು ಸರಿಯಾಗಿ ನಿದ್ದೆ ಬಂತು ಅಂದ. ಇಂಥ ಗೆಳೆಯ ನಿಮ್ಮ ರೂಮಿನಲ್ಲಿ ಇದ್ದರೆ 'ಪಕ್ಕಾ ನೆಗೆಟಿವ್ ಕಣೋ' ಅಂತ ನೂರು ಸಲ ಹೇಳಬೇಡಿ. ಅದೂ ಒಂಥರ ಟೆಸ್ಟ್ ರಿಪೋರ್ಟೇ, ನಾಲ್ಕು ದಿನಕ್ಕೆ ಎಕ್ಸ್‌ಪೈರ್ ಆಗುತ್ತೆ. ಒಂದು ಸಲ ಹೇಳಿ, ಆಮೇಲೆ ಟೀ ಕುಡಿಯೋಕೆ ಕರ್ಕೊಂಡು ಹೋಗಿ.

ಅವನು ತುಂಬಾ ತಡವಾಗಿ ಹೇಳಿದ ಒಂದು ಮಾತು ಇದೆ. ಐಸಿಟಿಸಿಯಲ್ಲಿ ಬೆಂಚ್ ಮೇಲೆ ಪಕ್ಕದಲ್ಲಿ ಒಬ್ಬರು ಕೂತಿದ್ದರಂತೆ, ನಮ್ಮ ಅಣ್ಣನ ವಯಸ್ಸಿನವರು. ಅವರ ರಿಪೋರ್ಟ್ ಇವನ ಥರ ಬರಲಿಲ್ಲ ಅಂತ ಮುಖ ನೋಡಿಯೇ ಗೊತ್ತಾಯ್ತು. ತನ್ನದು ನೆಗೆಟಿವ್ ಅಂದಾಗ ಆದ ಖುಷಿಗೆ ಅವರ ಎದುರು ನಾಚಿಕೆ ಆಯ್ತು, ಆ ನಾಚಿಕೆ ಇನ್ನೂ ಹೋಗಿಲ್ಲ ಅಂದ. ಇದಕ್ಕೆ ನನ್ನ ಹತ್ತಿರ ಟೆಕ್ನಿಕ್ ಏನೂ ಇಲ್ಲ. ಒಂದು ವಿಷಯ ಮಾತ್ರ ಸೇರಿಸಬಹುದು. ಅವನು ಆ ಒಂಬತ್ತು ದಿನ ಹೆದರಿದ್ದು ಕಾಯಿಲೆಗಿಂತ ಹೆಚ್ಚಾಗಿ 'ಎಲ್ಲ ಮುಗೀತು' ಅನ್ನೋದಕ್ಕೆ, 'ಜನ ಏನಂತಾರೆ' ಅನ್ನೋದಕ್ಕೆ. ಎರಡೂ ಹಳೇ ಕಾಲದ ಮಾಹಿತಿ. ಎಚ್‌ಐವಿಗೆ ಎಆರ್‌ಟಿ ಚಿಕಿತ್ಸೆ ನಮ್ಮ ದೇಶದಲ್ಲಿ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ದಿನಾ ಮಾತ್ರೆ ತಗೊಂಡು ಓದು, ಕೆಲಸ, ಮದುವೆ, ಮಕ್ಕಳು ಎಲ್ಲ ನಡೆಸ್ತಿರುವವರು ಇದ್ದಾರೆ. ಚಿಕಿತ್ಸೆಯಿಂದ ವೈರಸ್ ಟೆಸ್ಟ್‌ಗೆ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಎಚ್‌ಐವಿ ಇದೆ ಅಂತ ಕಾಲೇಜು ಯಾರನ್ನೂ ಹೊರಗೆ ಹಾಕೋ ಹಾಗಿಲ್ಲ, ಕಂಪನಿ ಕೆಲಸದಿಂದ ತೆಗೆಯೋ ಹಾಗಿಲ್ಲ. ಈ ಪ್ಯಾರಾ ಅವನಿಗೆ ಆ ಮೊದಲ ರಾತ್ರಿ ಗೊತ್ತಿದ್ದಿದ್ದರೆ ಅಂತ ಎಷ್ಟೋ ಸಲ ಅನಿಸಿದೆ. ಹೆದರಿದ ಕಾಯಿಲೆ ನಿಜವಾಗಿದ್ದರೂ ಬದುಕು ಇತ್ತು ಅಂತ ತಿಳಿದಾಗ, 'ಮತ್ತೆ ಬಂದರೆ?' ಅನ್ನೋ ಪ್ರಶ್ನೆಯ ಗಾಳಿ ಅರ್ಧ ಇಳಿಯುತ್ತೆ.

ಮುಂದಿನ ಶಿಬಿರಕ್ಕೆ ರಕ್ತ ಕೊಡಿ, ಖಂಡಿತ ಕೊಡಿ. ಫಾರ್ಮ್‌ನಲ್ಲಿ ಫೋನ್ ನಂಬರ್ ಸರಿಯಾಗಿ ಬರೀರಿ, ಪ್ರಶ್ನೆಗಳನ್ನು ಓದದೇ ಟಿಕ್ ಹಾಕಬೇಡಿ. ಫೋನ್ ಬಂದರೆ ಒಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ, ಯಾಕಂದ್ರೆ ಎರಡನೇ ಅರ್ಧ ಕೇಳಿಸಿಕೊಳ್ಳೋಕೆ ಇನ್ನೊಂದು ಜೊತೆ ಕಿವಿ ಬೇಕು. ಎಲ್ಲ ಸರಿ ಅಂತ ಗೊತ್ತಾದ ಮೇಲೂ ಎರಡು ಮೂರು ವಾರ ನಿದ್ದೆ, ಊಟ, ಕ್ಲಾಸ್ ಹಳಿಗೆ ಬರದಿದ್ದರೆ ಕೌನ್ಸೆಲರ್ ಹತ್ತಿರ ಹೋಗಿ. ಬದುಕೋದೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದರೂ ವಾರಗಟ್ಟಲೆ ಕಾಯಬೇಡಿ, ಆಗಲೇ ಯಾರಿಗಾದರೂ ಹೇಳಿ. ಎಚ್‌ಐವಿ ಬಗ್ಗೆ ಏನು ಕೇಳಬೇಕಿದ್ದರೂ 1097. ಮನಸ್ಸಿಗೆ ಕಷ್ಟ ಆದಾಗ ಟೆಲಿ ಮಾನಸ್, 14416. 2022ರಲ್ಲಿ ಶುರುವಾಗಿದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುತ್ತೆ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಎರಡೂ ನಂಬರ್ ಈಗಲೇ ಸೇವ್ ಮಾಡ್ಕೊಳ್ಳಿ. ಯಾರಾದರೂ ಫೋನ್ ನೋಡಿದರೆ ಅನ್ನೋ ಮುಜುಗರ ಇದ್ದರೆ 'ಮೆಸ್ ಕಂಪ್ಲೇಂಟ್ 1', 'ಮೆಸ್ ಕಂಪ್ಲೇಂಟ್ 2' ಅಂತ ಹಾಕಿ, ನಮ್ಮ ಮೆಸ್ ಗೊತ್ತಿರೋರು ಯಾರೂ ಅನುಮಾನ ಪಡಲ್ಲ.